ಬೂಟಿಗೂ ಬೇಕು ಆರೈಕೆ

ಪೀಣ್ಯ, ವೈಟ್‌ಫೀಲ್ಡ್ ಕಡೆ ಕೆಲಸದಲ್ಲಿರುವ ಮಕ್ಕಳು ಊರಿಗೆ ಬರುವಾಗ ತೋಟಕ್ಕಾಯಿತೆಂದು ಅಪ್ಪನಿಗೊಂದು ಜೊತೆ ಚರ್ಮದ ಬೂಟು ತರುವುದುಂಟು. ಸಂತೋಷವೇ. ಆದರೆ ಡಾಂಬರು ರಸ್ತೆಯ ಬೂಟು ನಮ್ಮ ಆಷಾಢದ ಮಳೆಗೆ ಬಾಳುವುದು ಕಷ್ಟ. ಬರೀ ಅಂಟಿನಿಂದ ಕೂರಿಸಿದ ಅಟ್ಟೆ ನೆನೆದು ನೆನೆದು ಬಾಯಿ ಬಿಡುತ್ತದೆ. ಹೊಲಿಗೆಯ ಅಟ್ಟೆಯದನ್ನೇ ತರಲು ಹೇಳಿ. ಬೆಲೆ ಹೆಚ್ಚು, ನಿಜ; ಸವೆದಾಗ ಹೊಲಿಗೆ ಬಿಚ್ಚಿ ಬೇರೆ ಅಟ್ಟೆ ಹಾಕಿಸಬಹುದು. ಹಗುರವಾದ ಪಾಲಿಯುರಿಥೇನ್ ಅಟ್ಟೆಯಾದರೋ, ಮೆಟ್ಟದೆ ಜೋಪಾನವಾಗಿಟ್ಟರೂ ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ.

ಒದ್ದೆ ಬೂಟನ್ನು ಅಡಿಕೆ ಬೇಯಿಸುವ ಒಲೆಯ ಬದಿಗಿಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಆರಿಸಬೇಕು. (ಓದಿಯಾದ ಮೇಲೆ ಈ ಸಂಚಿಕೆಯೂ ಆದೀತು!) ಕೊಳೆರೋಗಕ್ಕೆ ಬೋರ್ಡೋ ಹೊಡೆದ ದಿನವಂತೂ ಒದ್ದೆ ಬಟ್ಟೆಯಿಂದ ಒರೆಸದೆ ಬಿಡಬೇಡಿ, ಸುಣ್ಣ ಚರ್ಮವನ್ನು ಕೆಡಿಸುತ್ತದೆ. ಬೂಷ್ಟು ತೆಗೆದು, ಪೂರ್ತಿ ಒಣಗಿದ ಮೇಲೆ ಪಾಲಿಶ್ ಹಚ್ಚಿ.

ಇನ್ನು ಮುಖ್ಯ ಮಾತು. ಚರ್ಮದ ಕೆಲಸದವರ ಏಳಿಗೆಗೆಂದು ಸರ್ಕಾರ 1976ರಲ್ಲಿ ಲಿಡ್ಕರ್ ನಿಗಮವನ್ನು ಕಟ್ಟಿತು. ಆದರೆ ಸಂತೆಯ ಮೂಲೆಯಲ್ಲಿ ಕೊಡೆ ಕಟ್ಟಿಕೊಂಡು ಬೂಟು ಹೊಲಿಯುವವರ ಸಂಸಾರ ನಡೆಯಬೇಕಾದ್ದು ಗಿರಾಕಿಗಳಿಂದ. ಮೈಲುತುತ್ತಕ್ಕೆ ಕೇಳಿದಷ್ಟು ತೆರುವವರು ಅವರೊಡನೆ ಹತ್ತು ರೂಪಾಯಿಗೆ ವಾದಕ್ಕಿಳಿಯುವುದು ನಮಗೆ ಸರಿಕಾಣದು. ಅವರ ಮಕ್ಕಳೂ ಪೀಣ್ಯದ ಕಾರ್ಖಾನೆಗೆ ಹೊರಟರೆ ತಪ್ಪೆನ್ನಲಾದೀತೇ? ಆಗ ಹೊಲಿಗೆಯ ಬೂಟು ತಂದೂ ಪ್ರಯೋಜನವಿಲ್ಲ. ಮಳೆಗಾಲದ ಸಂತೆಯ ದಿನಗಳಲ್ಲಿ ಸಂಘದ ಗೋದಾಮಿನ ಜಗಲಿಯ ಒಂದು ಬದಿಯನ್ನು ಬಾಡಿಗೆಯಿಲ್ಲದೆ ಅವರಿಗೆ ಬಿಟ್ಟುಕೊಡುವ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಎತ್ತಬೇಕೆಂದು ಕೋರುತ್ತೇವೆ.