ಮೀಟರ್ ತೋರಿಸಿದ್ದನ್ನು ಬರೆದವಳಿಗೆ ಕೆಂಪು ಗೀಟು

ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಮಕ್ಕಳಿಗೆ ಸುಳ್ಳು ಬರೆಯುವುದನ್ನು ಕಲಿಸುತ್ತಿವೆ. ಒಂದೆರಡು ದಿನವಲ್ಲ, ಎಂಟು ಸೆಮಿಸ್ಟರ್. ಅದಕ್ಕೆ ಟರ್ಮ್ ವರ್ಕ್ ಎಂದು ಹೆಸರಿಟ್ಟು ಅಂಕವನ್ನೂ ಕೊಡುತ್ತಿವೆ.

ಸಬ್‌ಮಿಷನ್ ವಾರದಲ್ಲಿ ಮುಂಬಯಿಯ ಜೋಗೇಶ್ವರಿ ಸ್ಟೇಷನ್ ಸುತ್ತಲಿನ ಝೆರಾಕ್ಸ್ ಅಂಗಡಿಗಳ ಮುಂದೆ ನಿಂತು ನೋಡಿ. ಸೀನಿಯರುಗಳ ಲ್ಯಾಬ್ ಜರ್ನಲ್ ಕೈಯಿಂದ ಕೈಗೆ ದಾಟುತ್ತದೆ. ಉದ್ದೇಶ, ಉಪಕರಣ, ವಿಧಾನ, ಕೋಷ್ಟಕ, ತೀರ್ಮಾನ ಎಲ್ಲವೂ ಅಲ್ಪವಿರಾಮ ಸಹಿತ ರಾತ್ರಿಯಿಡೀ ನಕಲಾಗುತ್ತದೆ. ಬರೆಯುವವರು ಯಾರು? ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ಅಪ್ಪಂದಿರ, ಡಬ್ಬಿ ಊಟ ಮಾಡಿಕೊಟ್ಟು ಫೀಸು ಹೊಂದಿಸುವ ಅಮ್ಮಂದಿರ ಮಕ್ಕಳು. ಇದೇ ಮುಂಬಯಿಯಲ್ಲಿ ಇವರ ಅಜ್ಜಂದಿರು ಹಗಲೆಲ್ಲ ಲೋಟ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತರು. ಅಷ್ಟು ಕಷ್ಟಪಟ್ಟು ಮೇಲೆ ಬಂದ ಮನೆಯ ಮಕ್ಕಳ ಕೈಗೆ ಕಾಲೇಜು ಕೊಟ್ಟದ್ದು ನಕಲು ಮಾಡುವ ಕೆಲಸ.

ನಮ್ಮ ಚಾಳಿನ ಹುಡುಗಿಯೊಬ್ಬಳು ತನ್ನ ಜರ್ನಲಿನಿಂದ ಕಿತ್ತ ಒಂದು ಪುಟವನ್ನು ಎಸೆಯದೆ ಇಟ್ಟುಕೊಂಡಿದ್ದಾಳೆ. ಪ್ರಯೋಗ ಸಣ್ಣದು: ಹತ್ತು ವೋಲ್ಟ್ ಸಪ್ಲೈ, ಒಂದರ ಹಿಂದೊಂದು ಜೋಡಿಸಿದ ಎರಡು ಒಂದು ಕಿಲೋಓಮಿನ ರೆಸಿಸ್ಟರುಗಳು, ನಡುವೆ ಎಷ್ಟು ವೋಲ್ಟ್? ಲೆಕ್ಕದ ಪ್ರಕಾರ 5. ಅವಳ ಮಲ್ಟಿಮೀಟರ್ ತೋರಿಸಿದ್ದು 4.87. ಅವಳು ಅದನ್ನೇ ಬರೆದಳು. ಅದರ ಮೇಲೆ ಮೇಷ್ಟರ ಅಡ್ಡಡ್ಡ ಕೆಂಪು ಗೀಟು. "ಎಲ್ಲರಿಗೂ ಐದು ಬಂದಿದೆ, ನಿನಗೊಬ್ಬಳಿಗೇ ಯಾಕೆ ಬರಲಿಲ್ಲ? ಬರೆದುಕೊಂಡು ಬಾ." ಹೊಸ ಪುಟದಲ್ಲಿ 5.00 ಎಂದು ಬರೆದ ಮೇಲೆಯೇ ಸಹಿ ಬಿತ್ತು.

ಆ ರೆಸಿಸ್ಟರಿನ ಮೇಲೆ ಚಿನ್ನದ ಬಣ್ಣದ ಪಟ್ಟಿಯೊಂದಿರುತ್ತದೆ. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರಬಹುದು ಎಂದು ತಯಾರಿಸಿದವರೇ ಅಲ್ಲಿ ಹೇಳಿಟ್ಟಿದ್ದಾರೆ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ 4.75 ಬಂದರೂ ಸರಿಯೇ, 5.25 ಬಂದರೂ ಸರಿಯೇ. ಸಪ್ಲೈ ನಿಜವಾಗಿ ಹತ್ತೇ ಇತ್ತೇ? ಬ್ರೆಡ್‌ಬೋರ್ಡಿನಲ್ಲಿ ತಂತಿ ಸಡಿಲವಿತ್ತೇ? 0.13 ವೋಲ್ಟ್ ಎಲ್ಲಿ ಹೋಯಿತು ಎಂದು ಕೇಳಿದಾಗಲೇ ಎಂಜಿನಿಯರಿಂಗ್ ಶುರುವಾಗುವುದು. ಇಡೀ ಕ್ಲಾಸಿಗೆ ಒಂದೇ ಸಮನೆ 5.00 ಬಂದದ್ದು ಹೇಗೆ ಎಂದು ಅನುಮಾನ ಪಡಬೇಕಾದ ಮೇಷ್ಟರು, ನಿಜ ಬರೆದ ಒಬ್ಬಳನ್ನು ಅನುಮಾನಿಸಿದರು.

ಆ 5 ವೋಲ್ಟಿನ ಲೆಕ್ಕಕ್ಕೆ ಆಧಾರವಾದ, ಎಲ್ಲರೂ ನಕಲು ಮಾಡುವ ಕಿರ್ಕಾಫ್‌ನ ನಿಯಮಗಳು ಎಲ್ಲಿ ಹುಟ್ಟಿದವು? 1845ರಲ್ಲಿ, ಕೋನಿಗ್ಸ್‌ಬರ್ಗಿನಲ್ಲಿ ಅವನಿನ್ನೂ ವಿದ್ಯಾರ್ಥಿಯಾಗಿದ್ದಾಗ, ಗುರು ಫ್ರಾಂಜ್ ನಾಯ್ಮನ್ ನಡೆಸುತ್ತಿದ್ದ ಸೆಮಿನಾರಿನ ಕೆಲಸದಲ್ಲಿ. 1937ರಲ್ಲಿ ಕ್ಲಾಡ್ ಶಾನನ್ ಎಂಐಟಿಗೆ ಒಪ್ಪಿಸಿದ ಮಾಸ್ಟರ್ಸ್ ಪ್ರಬಂಧದಲ್ಲಿ ರಿಲೇ ಸ್ವಿಚ್ಚುಗಳಿಗೆ ಬೂಲ್‌ನ ಬೀಜಗಣಿತ ಹೊಂದಿಸಿದ. ಡಿಜಿಟಲ್ ಸರ್ಕ್ಯೂಟುಗಳ ವಿನ್ಯಾಸಕ್ಕೆ ಅದೇ ತಳಪಾಯವಾಯಿತು. ಇಬ್ಬರಿಗೂ ಆಗ 21 ವರ್ಷ. ನಮ್ಮ ಮಕ್ಕಳ ವಯಸ್ಸೇ.

ಲ್ಯಾಬಿಗೆ ದುಡ್ಡಿಲ್ಲ ಎಂಬ ಮಾತು ಬೇಡ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ರೆಸಿಸ್ಟರಿಗೆ ಒಂದೆರಡು ರೂಪಾಯಿ. ಜರ್ನಲಿನ ಹಾಳೆ, ಫೈಲು, ಝೆರಾಕ್ಸಿಗೆ ಬಡವರ ಮನೆಯಿಂದ ಅದಕ್ಕಿಂತ ಎಷ್ಟೋ ಹೆಚ್ಚು ಹೋಗುತ್ತದೆ. ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡಿನಲ್ಲಿ ಹತ್ತು ಕಿಲೋಮೀಟರಿನೊಳಗೆ ಪೊವಾಯಿ, 1958ರಲ್ಲಿ ಶುರುವಾದ ಐಐಟಿ. ಅದರ ಗೇಟಿನ ಮುಂದೆ ನಮ್ಮವರು ಬಸ್ಸಿನಲ್ಲಿ ಹಾದುಹೋಗುತ್ತಾರೆ. ಒಳಗೆ ಹೋಗಬೇಕಾದರೆ ಕೋಚಿಂಗ್ ಕ್ಲಾಸಿಗೆ ಲಕ್ಷಗಟ್ಟಲೆ ಸುರಿಯಬೇಕು. ಸುರಿಯಲಾಗದವರಿಗೆ ಹೇಗೆ ಕಲಿಸಿದರೂ ನಡೆಯುತ್ತದೆ ಎಂದು ತೀರ್ಮಾನಿಸಿದವರು ಯಾರು?

ಇನ್ನು ವೈವಾ. ಆ 0.13 ವೋಲ್ಟಿನ ಕಥೆಯನ್ನು ಈ ಹುಡುಗಿ ನನಗೆ ಕನ್ನಡದಲ್ಲಿ, ನಡುನಡುವೆ ಹಿಂದಿ ಬೆರೆಸಿ, ಎಳೆಎಳೆಯಾಗಿ ಬಿಡಿಸಿ ಹೇಳಿದಳು. ಪರೀಕ್ಷಕರ ಮುಂದೆ ಇಂಗ್ಲಿಷಿನಲ್ಲಿ ತಡವರಿಸಿದ್ದಕ್ಕೆ ಅವಳಿಗೆ ವಿಷಯವೇ ಗೊತ್ತಿಲ್ಲವೆಂದು ಅಂಕ ಕಳೆದರು. 2021ರಲ್ಲಿ ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿದೆ. ಕಲಿಸುವ ಮಾತು ಹಾಗಿರಲಿ, ತನ್ನ ಮಾತಿನಲ್ಲಿ ಉತ್ತರ ಹೇಳುವ ಹಕ್ಕಾದರೂ ಬೇಡವೇ?

ಅಳೆಯದೆ ಬರೆಯುವ ಈ ಅಭ್ಯಾಸ ಅಂಕಕ್ಕೇ ಮುಗಿಯುವುದಿಲ್ಲ, ಸಾವಿನವರೆಗೂ ಹೋಗುತ್ತದೆ. ನಮ್ಮ ಚಾಳುಗಳ ಮೀಟರ್ ಪೆಟ್ಟಿಗೆಗಳನ್ನು ನೋಡಿ: ಇನ್ಸುಲೇಷನ್ ಸುಲಿದ ವೈರುಗಳು, ಮಳೆಗಾಲದಲ್ಲಿ ಒದ್ದೆ ಗೋಡೆ. ಮನುಷ್ಯನ ಮೈಯಲ್ಲಿ ಕರೆಂಟು ಹರಿಯುವಾಗ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಡಿದುಹಾಕುವ ಆರ್‌ಸಿಸಿಬಿ ಸ್ವಿಚ್ಚು 30 ಮಿಲಿಆಂಪಿಯರ್ ಸೋರಿಕೆಯಷ್ಟಕ್ಕೇ ಬೀಳಬೇಕು. ಬೀಳುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕಾದವನು, ಅರ್ತಿಂಗ್ ಅಳೆಯಬೇಕಾದವನು ಎಂಜಿನಿಯರ್. ಅಳೆಯದೆ ಅಂಕಿ ತುಂಬಿಸುವುದನ್ನು ನಾಲ್ಕು ವರ್ಷ ಕಲಿತವನು ಅಲ್ಲಿಗೆ ಬಂದು ಇನ್ನೇನು ಮಾಡುತ್ತಾನೆ? ಮೀಟರನ್ನು ಚೀಲದಿಂದ ಹೊರಗೇ ತೆಗೆಯದೆ ಎಲ್ಲ ಸರಿಯಿದೆಯೆಂದು ಸಹಿ ಹಾಕುತ್ತಾನೆ.

ಜರ್ನಲ್ ನಕಲು ಬರುವ ಸೆಮಿಸ್ಟರಿನಲ್ಲೇ ನಿಲ್ಲಬೇಕು. ಪ್ರಯೋಗಗಳ ಪಟ್ಟಿ ಅರ್ಧಕ್ಕಿಳಿಯಲಿ, ಪ್ರತಿ ವಿದ್ಯಾರ್ಥಿಯೂ ಸರ್ಕ್ಯೂಟನ್ನು ತನ್ನ ಕೈಯಾರೆ ಜೋಡಿಸಲಿ. ಲೆಕ್ಕಕ್ಕೂ ಮೀಟರಿಗೂ ತಾಳೆಯಾಗದ ಕಡೆ ಕಾರಣ ಬರೆದವರಿಗೆ ಹೆಚ್ಚು ಅಂಕ ಕೊಡಿ. ವೈವಾದಲ್ಲಿ ಕನ್ನಡವೋ ಮರಾಠಿಯೋ ಹಿಂದಿಯೋ, ಬಂದ ಭಾಷೆಯಲ್ಲಿ ಹೇಳಲು ಬಿಡಿ. ಮತ್ತು 4.87 ಬರೆದ ಆ ಪುಟಕ್ಕೆ ಸಹಿ ಹಾಕಿ ಕೊಡಿ.