ಗೋಡೆಯ ತೇವ, ಮಾತಿನ ಹೊಣೆ



ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಪಡುವಣ ಗೋಡೆಯು ಮುಂಗಾರಿನ ಇರಿಚಲಿಗೆ ನೇರವಾಗಿ ಮುಖವೊಡ್ಡಿ ನಿಂತಿದೆ. ಕೆಲವು ವರ್ಷಗಳ ಹಿಂದೆ ಅದರ ಹೊರಮೈಯ ಗಿಲಾವು ಬಿರಿದು ತೇವವು ಒಳಗಿಳಿಯಿತು. ಗುತ್ತಿಗೆದಾರನೊಬ್ಬನು ಬಂದು ಬಿರುಕು ಮುಚ್ಚಿ, ನೀರು ತಡೆಯುವ ಬಣ್ಣ ಬಳಿದು, "ಹತ್ತು ವರ್ಷ ಗ್ಯಾರಂಟಿ ಐತ್ರಿ ಗುರುಗಳ, ಚಿಂತಿ ಮಾಡಬ್ಯಾಡ್ರಿ" ಎಂದು ಹೇಳಿ ಪೂರ್ತಿ ಹಣ ಪಡೆದು ಹೋದನು. ಎರಡನೆಯ ಮಳೆಗಾಲಕ್ಕೆ ಬಣ್ಣವು ಗುಳ್ಳೆಯೆದ್ದಿತು. ಕರೆದು ಕೇಳಿದರೆ, ಗ್ಯಾರಂಟಿ ಕೊಡುವವರು ಬಣ್ಣದ ಕಂಪನಿಯವರು ಎಂದನು. ಕಂಪನಿಯವರು, ಹಸಿ ಗೋಡೆಯ ಮೇಲೆ ಬಳಿದುದಕ್ಕೆ ತಾವು ಹೊಣೆಯಲ್ಲವೆಂದರು. ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಆ ಗೋಡೆಗೆ ಹೊಂದಿದ ಕಪಾಟಿನಲ್ಲಿದ್ದ, ಮಠದಲ್ಲಿ ಗುರುಗಳ ಬಳಿ ಕುಳಿತು ಬರೆದುಕೊಂಡ ನಮ್ಮ ಎರಡು ಪಾಠದ ಪುಸ್ತಕಗಳು ಬೂಷ್ಟು ಹಿಡಿದು ಓದಲಾರದಂತಾದವು. ಗೋಡೆಯನ್ನು ಮತ್ತೆ ಕಟ್ಟಿಸಬಹುದು. ಅವನ್ನು ಮತ್ತೆ ಬರೆಯಿಸುವವರು ಇಂದು ನಮ್ಮೊಡನಿಲ್ಲ.

ಇಂಥ ಕೆಲಸ ಮಾಡುವವರಿಗೆ ಸರಕಾರದ ಪರವಾನಿಗೆ ಬೇಡವೆ ಎಂದು ಅನೇಕರು ಕೇಳುತ್ತಾರೆ. ಮನೆಯ ವಿದ್ಯುತ್ ಜೋಡಣೆಗೆ ಪರವಾನಿಗೆ ಪಡೆದ ಗುತ್ತಿಗೆದಾರನೇ ಬೇಕು. ಗೋಡೆಯ ದುರಸ್ತಿಗೆ ಅಂಥ ಕಟ್ಟಳೆ ನಮ್ಮಲ್ಲಿಲ್ಲ. ಮಹಾನಗರ ಪಾಲಿಕೆಯು ಕೊಡುವ ಪರವಾನಿಗೆ ಕಟ್ಟಡಕ್ಕೆ ಸಂಬಂಧಿಸಿದ್ದು, ಗೌಂಡಿಯ ಕೌಶಲ್ಯಕ್ಕಲ್ಲ. ಲೋಕೋಪಯೋಗಿ ಇಲಾಖೆಯ ನೋಂದಣಿ ಸರಕಾರಿ ಕಾಮಗಾರಿಗೆ. ಕಟ್ಟಡ ಕಾರ್ಮಿಕರಿಗೆ ಸಿಗುವ ಗುರುತಿನ ಚೀಟಿ ಅವರ ಕ್ಷೇಮಕ್ಕಾಗಿ. ನಮ್ಮ ಮಕ್ಕಳು ಅನೇಕರು ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1,000 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಮನೆಗೆಲಸಕ್ಕೆ ಪರವಾನಿಗೆಯುಳ್ಳ ಗುತ್ತಿಗೆದಾರನೇ ಬೇಕೆಂಬ ನಿಯಮವಿದೆ. ಇಲ್ಲಿ ಆ ಆಸರೆ ಇಲ್ಲದಿರುವುದರಿಂದ, ಗ್ಯಾರಂಟಿಯ ಬೆಲೆಯು ಅದನ್ನು ಬರೆದ ಕಾಗದದಷ್ಟೇ ಎಂಬುದನ್ನು ಗೃಹಸ್ಥರು ಮರೆಯಬಾರದು.

ಹಾಗೆಂದು ಕಾನೂನು ಕೈಬಿಟ್ಟಿಲ್ಲ. ರೇರಾ ಎಂದು ಹೆಸರಾದ 2016ರ ಕಾಯಿದೆಯಂತೆ, ಬಿಲ್ಡರನಿಂದ ಕೊಂಡ ಮನೆಯಲ್ಲಿ ವಶಕ್ಕೆ ಬಂದ ಐದು ವರ್ಷಗಳೊಳಗೆ ಕಟ್ಟಡದ ರಚನೆ, ಕೆಲಸ ಅಥವಾ ಗುಣಮಟ್ಟದ ದೋಷವನ್ನು ತೋರಿಸಿಕೊಟ್ಟರೆ, ಆತನು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಆದರೆ 500 ಚದರ ಮೀಟರಿಗೆ ಮೀರದ ಜಾಗದ ಅಥವಾ ಎಂಟಕ್ಕೆ ಮೀರದ ಮನೆಗಳ ಯೋಜನೆಗೆ ಆ ಕಾಯಿದೆಯ ನೋಂದಣಿ ಕಡ್ಡಾಯವಲ್ಲ. ನಮ್ಮ ಸ್ವಂತ ಹಳೆಯ ಮನೆಯ ದುರಸ್ತಿಯೂ ಅದರ ವ್ಯಾಪ್ತಿಗೆ ಬಾರದು. ಅಲ್ಲಿ ನೆರವಾಗುವುದು ಗ್ರಾಹಕ ಸಂರಕ್ಷಣಾ ಕಾಯಿದೆ. ಮನೆ ನಿರ್ಮಾಣವೂ ಸೇವೆಯೇ ಎಂಬುದು 1993ರಲ್ಲಿ ಕಾಯಿದೆಯ ತಿದ್ದುಪಡಿಯಿಂದಲೂ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಲೂ ಸ್ಥಿರವಾಯಿತು. 2019ರ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವಿಲ್ಲ. 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ಸಲಹೆಯೂ ದೊರೆಯುತ್ತದೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ ಸರಿ. ಆದರೆ ಆಯೋಗದ ಮುಂದೆ ಅದನ್ನು ಸಾಧಿಸಿ ತೋರಿಸುವುದು ಕಷ್ಟ.

ಆದುದರಿಂದ ಕೆಲಸಕ್ಕೆ ಮೊದಲೇ ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಿಸಿಕೊಳ್ಳಿರಿ: ನೀರು ಬರುವ ಕಾರಣ ಯಾವುದೆಂದು ಗುರುತಿಸಲಾಗಿದೆ, ಯಾವ ಭಾಗದ ಗಿಲಾವು ತೆಗೆಯಬೇಕು, ಯಾವ ಸಾಮಗ್ರಿ, ಎಷ್ಟು ಲೇಪ, ಗ್ಯಾರಂಟಿ ಎಷ್ಟು ವರ್ಷ, ಅದು ಸಾಮಗ್ರಿಗೆ ಮಾತ್ರವೋ ಕೂಲಿಗೂ ಸೇರಿಯೋ. ಬಣ್ಣದ ಗ್ಯಾರಂಟಿಪತ್ರದಲ್ಲಿ ಸಣ್ಣಕ್ಷರದ ಷರತ್ತುಗಳನ್ನು ಓದಿರಿ, ರಸೀದಿಯನ್ನು ಕಾಪಾಡಿರಿ, ಕೆಲಸದ ಮುಂಚಿನ ಹಾಗೂ ನಂತರದ ಭಾವಚಿತ್ರಗಳನ್ನು ತೆಗೆದಿಡಿರಿ. ಸರಕಾರಿ ಕಾಮಗಾರಿಯಲ್ಲಿ ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ತನಕ ಗುತ್ತಿಗೆದಾರನ ಹಣದಲ್ಲಿ ಸ್ವಲ್ಪ ಭಾಗವನ್ನು ತಡೆದಿಡುವ ರೂಢಿಯುಂಟು. ನಾವೂ ಒಂದು ಮಳೆಗಾಲ ಕಳೆಯುವವರೆಗೆ ಒಂದಂಶವನ್ನು ಬಾಕಿಯಿಡುವುದೆಂದು ಮೊದಲೇ ಒಪ್ಪಿಕೊಳ್ಳಬಹುದು.

ಕಾಲವನ್ನೂ ನೋಡಬೇಕು. ನಮ್ಮ ಭಾಗದ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬಿಸಿಲಿನಲ್ಲಿ ಕುಗ್ಗುವುದರಿಂದ ಗೋಡೆಗಳು ಬಿರಿಯುತ್ತವೆ. ಬುನಾದಿಯ ಬಿರುಕಿಗೆ ಬಣ್ಣವು ಔಷಧವಲ್ಲ. ದೀಪಾವಳಿ ಕಳೆದು ಗೋಡೆ ಚೆನ್ನಾಗಿ ಒಣಗಿದ ಮೇಲೆ ಕೆಲಸ ಹಿಡಿದು ಮೃಗಶಿರಾ ಮಳೆಗೆ ಬಹಳ ಮುಂಚೆ ಮುಗಿಸುವುದು ಲೇಸು.

ಬರೆಯಿಸಿಕೊಳ್ಳುವುದು ಅಪನಂಬಿಕೆಯ ಲಕ್ಷಣವೆಂದು ಹಿರಿಯರು ಸಂಕೋಚಪಡುತ್ತಾರೆ. ನಾವೂ ಹಾಗೆಯೇ ಸಂಕೋಚಪಟ್ಟೆವು. ಆದರೆ ಪ್ರಾಮಾಣಿಕವಾಗಿ ಕಾಯಕ ಮಾಡುವವನಿಗೆ ಆ ಹಾಳೆಯೇ ರಕ್ಷೆ, ತಾನು ಒಪ್ಪದ ಹೊಣೆಯು ಅವನ ತಲೆಯ ಮೇಲೆ ಬೀಳುವುದಿಲ್ಲ. ಈ ವರ್ಷ ನಮ್ಮ ಗೋಡೆಯನ್ನು ಮತ್ತೆ ದುರಸ್ತಿ ಮಾಡಿದ ಗೌಂಡಿಯು ಸಂತೋಷದಿಂದಲೇ ರುಜು ಹಾಕಿದನು. ಉಳಿದ ಪುಸ್ತಕಗಳನ್ನು ಮಾತ್ರ ನಾವು ಮೂಡಣ ಗೋಡೆಯ ಕಪಾಟಿಗೆ ಸಾಗಿಸಿದ್ದೇವೆ.

ಶರಣು ಶರಣಾರ್ಥಿ.