ಕಾಲುನೋವೆಲ್ಲ ಡಿಸ್ಕಿನದಲ್ಲ

ಸೊಂಟದಲ್ಲಿ ಹುಟ್ಟಿ ತೊಡೆ, ಮೀನಖಂಡಗಳ ಮಾರ್ಗವಾಗಿ ಪಾದದವರೆಗೆ ಹರಿಯುವ ನೋವಿಗೆ ಜನರು ಕೊಡುವ ಕಾರಣ ಒಂದೇ: 'ಡಿಸ್ಕ್ ಜಾರಿದೆ'. 1934ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ ಅವರು, ಒಡೆದ ಡಿಸ್ಕು ನರವನ್ನು ಒತ್ತಿ ಇಂತಹ ನೋವನ್ನುಂಟುಮಾಡಬಲ್ಲದೆಂದು ತೋರಿಸಿಕೊಟ್ಟರು. ಅನಂತರ ಆ ಹೆಸರು ಮನೆಮಾತಾಯಿತು. ಅನೇಕರಲ್ಲಿ ಅದು ನಿಜವೂ ಹೌದು. ಆದರೆ ಅರುವತ್ತರ ಆಸುಪಾಸಿನವರ ವಿಷಯದಲ್ಲಿ, ತಾಳೆ ನೋಡದೆ ಲೆಕ್ಕ ಮುಚ್ಚುವುದು ಸರಿಯಲ್ಲ.

ಬೆನ್ನೆಲುಬಿನ ಹಿಂಬದಿಯಲ್ಲಿ ಜೋಡಿಜೋಡಿಯಾಗಿ ಚಿಕ್ಕ ಕೀಲುಗಳಿವೆ. ಮಂಡಿಗೆ ಇರುವಂತೆ ಅವಕ್ಕೂ ಒಳಪೊರೆಯಿದೆ, ಕೀಲು ಸರಾಗವಾಗಿ ಆಡಲು ರಸವಿದೆ. ವಯಸ್ಸಾದಂತೆ ಕೀಲು ಸವೆದಾಗ ಕೆಲವರಲ್ಲಿ ಈ ಪೊರೆ ಉಬ್ಬಿ, ರಸ ತುಂಬಿದ ಗುಳ್ಳೆಯಾಗುತ್ತದೆ. ಇದೇ ಸೈನೋವಿಯಲ್ ಸಿಸ್ಟ್. ಇದು ಕ್ಯಾನ್ಸರ್ ಅಲ್ಲ. ಆದರೆ ಇಕ್ಕಟ್ಟಾದ ನರಮಾರ್ಗದೊಳಕ್ಕೆ ಚಾಚಿದರೆ ಡಿಸ್ಕಿನಂತೆಯೇ ನರವನ್ನು ಒತ್ತುತ್ತದೆ. ಸೊಂಟದ ನಾಲ್ಕನೆಯ ಮತ್ತು ಐದನೆಯ ಎಲುಬುಗಳ ನಡುವೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಈ ಗುಳ್ಳೆ ತೋರುವುದಿಲ್ಲ, ಎಂ.ಆರ್.ಐ. ಪರೀಕ್ಷೆಯಲ್ಲಿ ತೋರುತ್ತದೆ.

ಇಂತಹ ಕಾಯಿಲೆ ವಿರಳ, ಅದಕ್ಕಾಗಿ ಎಲ್ಲರೂ ದುಬಾರಿ ಪರೀಕ್ಷೆಗೆ ಓಡಬೇಕೆ ಎಂದು ಕೇಳಬಹುದು. ಬೇಡ. ಹೆಚ್ಚಿನ ಕಾಲುನೋವು ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ತಗ್ಗದೆ ಉಳಿದ ನೋವನ್ನು 'ವಯಸ್ಸಾಯಿತು' ಎಂಬ ಮಾತಿನಿಂದ ತಳ್ಳಿಹಾಕುವುದಷ್ಟೇ ತಪ್ಪು.

ಮಹಾನಗರದ ಕನ್ನಡಿಗ ಹಿರಿಯರಿಗೆ ಇನ್ನೊಂದು ತೊಡಕುಂಟು. ರೋಗನಿರ್ಣಯದ ಬಹುಭಾಗ ರೋಗಿಯ ಮಾತಿನಲ್ಲಿಯೇ ಇರುತ್ತದೆ. ಊರಿನಿಂದ ಮಗನ ಮನೆಗೆ ಬಂದ ತಾಯಿ, ಪಾದ ಜೋಮು ಹಿಡಿಯುತ್ತದೆ, ತೊಡೆಯಲ್ಲಿ ಸೆಳೆತವಿದೆ, ನಾಲ್ಕು ಹೆಜ್ಜೆ ನಡೆದರೆ ಕಾಲು ಭಾರವಾಗುತ್ತದೆ, ಕುಳಿತರೆ ಹಾಯೆನಿಸುತ್ತದೆ ಎಂದು ಬಗೆಬಗೆಯಾಗಿ ಹೇಳುತ್ತಾರೆ. ಕಛೇರಿಗೆ ಹೊತ್ತಾದ ಮಗ ಅದೆಲ್ಲವನ್ನೂ 'ದರ್ದ್' ಎಂಬ ಒಂದೇ ಪದಕ್ಕಿಳಿಸಿ ವೈದ್ಯರಿಗೆ ಒಪ್ಪಿಸುತ್ತಾನೆ. ನರ ಎಲ್ಲಿ ಸಿಕ್ಕಿಕೊಂಡಿದೆಯೆಂಬ ಸುಳಿವು ಅವನು ಬಿಟ್ಟ ಮಾತುಗಳಲ್ಲಿಯೇ ಉಳಿದುಹೋಗುತ್ತದೆ. ತಾಯಿಯ ಮಾತನ್ನು ಹಿಂದಿನ ದಿನವೇ ಬರೆದುಕೊಂಡು ಹೋಗುವುದಕ್ಕೆ ಖರ್ಚೇನೂ ಇಲ್ಲ.

ಚಿಕಿತ್ಸೆಗೆ ಅಂಜಬೇಕಾಗಿಲ್ಲ. ಮೊದಲು ಔಷಧ, ವ್ಯಾಯಾಮ. ಸಾಲದಾದರೆ ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು. ಅದರ ಉಪಶಮನ ಕೆಲವರಲ್ಲಿ ತಾತ್ಕಾಲಿಕ. ನೋವು ಮರುಕಳಿಸಿದರೆ ಗುಳ್ಳೆಯನ್ನು ತೆಗೆದು ನರಕ್ಕೆ ಬಿಡುವು ಕೊಡುವ ಶಸ್ತ್ರಚಿಕಿತ್ಸೆಯುಂಟು. ಎಲುಬು ಸರಿದಿದ್ದರೆ ಅದನ್ನು ಬಿಗಿದು ಕೂಡಿಸಬೇಕೆ ಎಂಬುದನ್ನೂ ತಜ್ಞರೇ ನಿರ್ಧರಿಸಬೇಕು. ಆದರೆ ಮಲಮೂತ್ರಗಳ ಹತೋಟಿ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಆಗ ತೈಲ ತಿಕ್ಕುತ್ತ ಕೂರುವುದು ಅಪಾಯಕರ.

ಹಿರಿಯರ ನಡಿಗೆ ನಿಂತರೆ ಅವರ ಲೋಕ ಫ್ಲ್ಯಾಟಿನ ನಾಲ್ಕು ಗೋಡೆಗಳಿಗೆ ಕುಗ್ಗುತ್ತದೆ. ಅವರ ನೋವನ್ನು ಅವರ ಮಾತಿನಲ್ಲಿಯೇ ಕೇಳಿ, ಪೂರ್ಣವಾಗಿ ವೈದ್ಯರಿಗೆ ತಲುಪಿಸುವುದು ಮಕ್ಕಳ ಹೊಣೆ.